ತುಟಿಯ ಬಳಿಯ ಚೆಂಡು

ಕಿವುಡು ಮಕ್ಕಳ ತಾಯ್ತಂದೆಯರಿಗಾಗಿ ರಚಿತವಾದ ಬೋಧನಸಾಹಿತ್ಯದಲ್ಲಿ ಲಾಸ್ ಏಂಜಲೀಸಿನ ಜಾನ್ ಟ್ರೇಸಿ ಕ್ಲಿನಿಕ್ಕಿನ ಅಂಚೆಪಾಠಗಳಿಗೆ ಸಂದಿರುವ ಗೌರವ ಅಸಾಧಾರಣವಾದುದು. ಆದರೆ ಆ ಗೌರವದಲ್ಲಿ ಪಾಠಗಳ ಸ್ವಂತ ಗುಣಕ್ಕೆ ಸಲ್ಲತಕ್ಕ ಪಾಲೆಷ್ಟು, ಚಿತ್ರನಟ ಸ್ಪೆನ್ಸರ್ ಟ್ರೇಸಿಯ ಕೀರ್ತಿಯಿಂದಲೂ ಅವನ ಪತ್ನಿ ಲೂಯಿಸ್ ಟ್ರೇಸಿಯ ತ್ಯಾಗದ ಕಥೆಯಿಂದಲೂ ಬಂದು ಕೂಡಿಕೊಂಡ ಪಾಲೆಷ್ಟು ಎಂಬ ವಿವೇಚನೆಗೆ ಅದರ ಸ್ತೋತೃಗಳು ಕೈಹಾಕುವುದಿಲ್ಲ. 1924ರಲ್ಲಿ ಹುಟ್ಟಿದ ಅವರ ಮಗ ಜಾನ್ ಬಾಗಿಲು ಬಡಿದ ಸದ್ದಿಗೂ ಎಚ್ಚರಗೊಳ್ಳದುದು, 1942ರಲ್ಲಿ ಸಂಸ್ಥೆ ಆರಂಭವಾದುದು, ಮರುವರ್ಷ ಅಂಚೆಪಾಠಗಳು ಹೊರಟುದು, ಇವೆಲ್ಲ ಈ ವಿಷಯದಲ್ಲಿ ಆಸಕ್ತರಾದವರಿಗೆ ತಿಳಿದ ಸಂಗತಿಗಳೇ.

ಗುಣವನ್ನು ಮೊದಲು ಹೇಳಿಬಿಡುವುದು ನ್ಯಾಯ. ವೈದ್ಯನ ಕೋಣೆಯಿಂದ ಹೊರಬಂದು ದಿಕ್ಕುಗಾಣದೆ ನಿಂತ ತಾಯಿಗೆ ಶುಲ್ಕವಿಲ್ಲದೆ ಕಂತುಕಂತಾಗಿ ಪಾಠಗಳು ಬರುವುವು. ಅವಳು ಮಗುವಿನ ವಿಚಾರವನ್ನು ಬರೆದು ಕಳುಹಿಸಿದರೆ ಆ ಮಗುವನ್ನೇ ಕುರಿತ ಉತ್ತರ ಬರುವುದು. ಮರುಕಕ್ಕೆ ಬದಲು ಮಾಡಲು ಒಂದು ಕೆಲಸವನ್ನು ಕೊಟ್ಟದ್ದು ಸಣ್ಣ ಉಪಕಾರವಲ್ಲ. ಆದರೆ ಸಾಂತ್ವನ ಬೇರೆ, ಶಿಕ್ಷಣಕ್ರಮ ಬೇರೆ.

ಈ ಕ್ರಮದ ಮೂಲತಂತ್ರ ಒಂದೇ. ತಾಯಿ ಬೆಳಕಿಗೆ ಮುಖಮಾಡಿ, ಮಗುವಿನ ಕಣ್ಣಿಗೆ ಸಮನಾಗಿ ಕುಳಿತು, ಚೆಂಡನ್ನು ತನ್ನ ತುಟಿಯ ಬಳಿಗೆ ಎತ್ತಿಹಿಡಿದು, ಮಗುವಿನ ದೃಷ್ಟಿ ಅಲ್ಲಿಗೆ ಬಂದಾಗ ಪೂರ್ಣವಾಕ್ಯದಲ್ಲಿ ಚೆಂಡಿನ ಮಾತನ್ನಾಡಬೇಕು. ಇದರ ಹಿಂದಿರುವ ಅವಲೋಕನ ಸೂಕ್ಷ್ಮವಾದುದೆಂಬುದರಲ್ಲಿ ಸಂದೇಹವಿಲ್ಲ: ಕೇಳುವ ಮಗು ಕಣ್ಣಿನಿಂದ ಚೆಂಡನ್ನೂ ಕಿವಿಯಿಂದ ಅದರ ಹೆಸರನ್ನೂ ಏಕಕಾಲದಲ್ಲಿ ಗ್ರಹಿಸುವುದು, ಕಿವುಡು ಮಗುವಿಗಾದರೋ ಚೆಂಡನ್ನು ನೋಡಿದರೆ ತುಟಿ ತಪ್ಪುವುದು, ತುಟಿಯನ್ನು ನೋಡಿದರೆ ಚೆಂಡು ತಪ್ಪುವುದು. ರೋಗವನ್ನು ಇಷ್ಟು ಚೆನ್ನಾಗಿ ಕಂಡವರು ಔಷಧದಲ್ಲಿ ಎಡವಿದರು. ನೆಲದ ಮೇಲೆ ಉರುಳುತ್ತಿದ್ದಾಗ ಆ ಚೆಂಡು ಆಟ. ಗಲ್ಲದ ಪಕ್ಕಕ್ಕೆ ಏರಿದೊಡನೆ ಪಾಠ. ಉರುಳಿದುದು, ಮಂಚದಡಿಗೆ ಹೋಗಿ ಕಾಣದಾದುದು, ತಂಗಿ ಕಿತ್ತುಕೊಂಡುದು, ಎಂದರೆ ಮಗು ಯಾವುದಕ್ಕಾಗಿ ಮಾತನ್ನು ಬಯಸುವುದೋ ಆ ಎಲ್ಲವೂ ತುಟಿಯ ಬಳಿಗೆ ಎತ್ತಲು ಬಾರದವು. ಚೆಂಡನ್ನು ಎತ್ತಬಹುದು, ನಿನ್ನೆಯನ್ನು ಎತ್ತಲಾದೀತೆ? ಊರಿಗೆ ಹೋದ ಅಜ್ಜಿ ನಾಳೆ ಬರುವಳೆಂಬುದನ್ನು ಯಾವ ವಸ್ತುವಿನಿಂದ ತೋರಿಸತಕ್ಕದ್ದು?

ತಾನೇ ಕಿವುಡಳಾದ ತಾಯಿ ಮಾಡುವುದು ಬೇರೆ. ಅವಳು ಮಗು ತಾನಾಗಿ ಕಣ್ಣೆತ್ತುವವರೆಗೆ ಕಾಯುವಳು; ಇಲ್ಲವೆ ತನ್ನ ಕೈಯನ್ನು ಚೆಂಡಿನೆಡೆಗೆ ಚಾಚಿ, ಮಗು ನೋಡುತ್ತಿರುವ ಜಾಗದಲ್ಲಿಯೇ ಸಂಜ್ಞೆಯನ್ನು ಮಾಡುವಳು. ಒಬ್ಬಳು ವಸ್ತುವನ್ನು ಮಾತಿನ ಬಳಿಗೆ ತರುತ್ತಾಳೆ, ಇನ್ನೊಬ್ಬಳು ಮಾತನ್ನು ವಸ್ತುವಿನ ಬಳಿಗೆ ಒಯ್ಯುತ್ತಾಳೆ. ಎರಡನೆಯ ಕ್ರಮದಲ್ಲಿ ಆಟ ನಿಲ್ಲುವುದಿಲ್ಲ.

ಇನ್ನು ಆ ತುಟಿಗಳಾದರೂ ಏನನ್ನು ತೋರಿಸುವುವು? ಪಟ್ಟೆ, ಬಟ್ಟೆ, ಮಟ್ಟೆ ಎಂಬುವನ್ನು ಕನ್ನಡಿಯ ಮುಂದೆ ಸದ್ದಿಲ್ಲದೆ ಉಚ್ಚರಿಸಿ ನೋಡಿದರೆ ಮೂರೂ ಒಂದೇ ಆಕೃತಿ. ಕಕಾರ ಗಕಾರಗಳಂತೂ ಗಂಟಲಿನ ಬಳಿಯೇ ಉಳಿದು ಹೊರಗೆ ಮುಖ ತೋರುವುದೇ ಇಲ್ಲ. ಭಾಷೆಯನ್ನು ಮೊದಲೇ ಬಲ್ಲವನು ಸಂದರ್ಭವನ್ನು ಹಿಡಿದು ಊಹಿಸಿಕೊಂಡಾನು. ಭಾಷೆಯನ್ನು ಇನ್ನೂ ಕಾಣದ ಮಗು ಆ ಊಹೆಯಿಂದಲೇ ಭಾಷೆಯನ್ನು ಕಟ್ಟಿಕೊಳ್ಳಬೇಕೆಂಬುದು ಫಲದಿಂದ ಬೀಜವನ್ನು ಬೆಳೆಸೆಂದು ಆಜ್ಞಾಪಿಸಿದಂತೆ. ಈಗ ಕಾಕ್ಲಿಯರ್ ಇಂಪ್ಲಾಂಟ್ ಬಂದಿರುವುದರಿಂದ ಈ ಆಕ್ಷೇಪ ಹಳತಾಯಿತೆಂಬ ಮಾತನ್ನು ಬಲ್ಲೆ. ಯಂತ್ರವು ಹಲವರಿಗೆ ಧ್ವನಿಯನ್ನು ಕೊಟ್ಟಿದೆ, ನಿಜ. ಆದರೆ ಶಸ್ತ್ರಚಿಕಿತ್ಸೆಗೆ ಮುಂಚಿನ ತಿಂಗಳುಗಳಲ್ಲಿ ಮಗುವಿನೊಡನೆ ಯಾವ ಭಾಷೆಯಲ್ಲಿ ಬಾಳಬೇಕೆಂಬ ಪ್ರಶ್ನೆಗೆ ಯಂತ್ರದಲ್ಲಿ ಉತ್ತರವಿಲ್ಲ.

ಇಲ್ಲಿ ಎರಡು ಪಕ್ಷದ ವಿಮರ್ಶಕರೊಡನೆ ಜಗಳವಾಡದೆ ವಿಧಿಯಿಲ್ಲ. ಮಾತೃಶಕ್ತಿಯ ವಿಜಯವೆಂದು ಹಾಡುವವರು ಗೆದ್ದ ಮಕ್ಕಳನ್ನು ಎಣಿಸುವರು. ಮಗು ಮಾತಾಡಲಿಲ್ಲವೆಂದು ನಾಚಿ ಕಾಗದ ಬರೆಯುವುದನ್ನೇ ನಿಲ್ಲಿಸಿದ ತಾಯಿ ಅವರ ಲೆಕ್ಕಕ್ಕೆ ಬಾರಳು; ಮಾತು ಬಂದರೆ ಕ್ರಮಕ್ಕೆ ಕೀರ್ತಿ, ಬಾರದಿದ್ದರೆ ತಾಯಿಯ ಶ್ರದ್ಧೆಯ ಮೇಲೆ ಶಂಕೆ. ಇದು ಯಾವ ಊರಿನ ತರ್ಕ? ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆಗಳಲ್ಲಿ ಮಗುವಿನೊಡನೆ ತಾನೂ ತರಗತಿಯಲ್ಲಿ ಕುಳಿತು ಕಲಿಯುವ ತಾಯಂದಿರನ್ನು ಕೊಂಡಾಡುವಾಗಲೂ ಈ ತರ್ಕವೇ ಮೆಲ್ಲನೆ ನುಸುಳುವುದುಂಟು: ಅವಳು ಬಿಟ್ಟುಬಂದ ಊರು, ಕೂಲಿ, ಉಳಿದ ಮಕ್ಕಳು ಪ್ರಶಂಸೆಯ ಅಲಂಕಾರಗಳಾಗುವುವೇ ಹೊರತು ವೆಚ್ಚವೆಂದು ಗಣಿತವಾಗುವುದಿಲ್ಲ.

ಇನ್ನೊಂದು ಪಕ್ಷ ಸಂಜ್ಞಾಭಾಷೆಯ ಅಭಿಮಾನಿಗಳದು. ನಾನು ಹೆಚ್ಚಾಗಿ ಅವರ ಕಡೆಯವನೇ. ಆದುದರಿಂದಲೇ ಅವರ ಮೇಲೆ ಸಿಟ್ಟೂ ಹೆಚ್ಚು. ಅವರು ಕಿವುಡರ ಶಿಕ್ಷಣವನ್ನು ಕುರಿತ 1880ರ ಮಿಲಾನ್ ಸಮ್ಮೇಳನವನ್ನು ಹಿಡಿದುತಂದು, ಟ್ರೇಸಿಯ ಪಾಠವನ್ನು ಓದಿದ ತಾಯಂದಿರನ್ನೆಲ್ಲ ಅದರ ಪಾಪದಲ್ಲಿ ಪಾಲುಗಾರರನ್ನಾಗಿ ಮಾಡುವರು. ಶುದ್ಧ ವಾಗ್ವಿಧಾನವೇ ಶ್ರೇಷ್ಠವೆಂದು ಮಿಲಾನಿನಲ್ಲಿ ಕೈಯೆತ್ತಿದವರು ಬಹುಮಟ್ಟಿಗೆ ಕಿವಿ ಕೇಳುವ ಅಧ್ಯಾಪಕರು, ಅಡುಗೆಮನೆಯ ತಾಯಂದಿರಲ್ಲ. 2010ರಲ್ಲಿ ವ್ಯಾಂಕೂವರಿನ ಸಮ್ಮೇಳನ ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದಿಸುವವರೆಗೆ ಅವು ಮಾಡಿದ ಹಾನಿಗೆ ಉತ್ತರ ಹೇಳಬೇಕಾದವರು ಆ ವಿದ್ವಜ್ಜನರೇ. ಸಂಜ್ಞೆಯೂ ಭಾಷೆಯೆಂದು ಯಾವ ವೈದ್ಯನೂ ಹೇಳದಿದ್ದ ಕಾಲದಲ್ಲಿ ಆ ತಾಯಿ ಯಾವುದನ್ನು ಆರಿಸಿಕೊಳ್ಳಬೇಕಾಗಿತ್ತು?

ಈ ಎರಡೂ ಪಕ್ಷಗಳಿಗಿಂತ ಉತ್ತಮ ವಿಮರ್ಶೆಯನ್ನು ಮಾಡಿದವನು ಕಿವುಡು ಮಗುವಿನ ಒಬ್ಬ ತಂದೆ. ಥಾಮಸ್ ಸ್ಪ್ರಾಡ್ಲಿ ತನ್ನ ಸೋದರ, ಮಾನವಶಾಸ್ತ್ರಜ್ಞ ಜೇಮ್ಸ್‌ನೊಡನೆ ಬರೆದು 1978ರಲ್ಲಿ ಪ್ರಕಟಿಸಿದ ‘ಡೆಫ್ ಲೈಕ್ ಮಿ’ ಎಂಬ ಗ್ರಂಥದಲ್ಲಿ, ಥಾಮಸ್ ದಂಪತಿಗಳು ಇದೇ ಅಂಚೆಪಾಠಗಳನ್ನು ನಂಬಿ ವರ್ಷಗಟ್ಟಲೆ ದುಡಿದುದನ್ನೂ ಬಳಿಕ ಸಂಜ್ಞೆಗೆ ತಿರುಗಿದುದನ್ನೂ, ಪಾಠಗಳ ಸೌಜನ್ಯವನ್ನು ಮರೆಮಾಚದೆ, ತಮ್ಮ ವಿಶ್ವಾಸವನ್ನು ಹಾಸ್ಯಮಾಡದೆ ನಿರೂಪಿಸಿದ್ದಾರೆ. ಬೆಳೆದು ಬಾಳುತ್ತಿರುವ ಕಿವುಡರ ಪರಿಚಯ ಆ ಮನೆಗೆ ಎಷ್ಟು ತಡವಾಗಿ ಆಯಿತೆಂಬುದನ್ನು ಓದಿದಾಗ ಟ್ರೇಸಿಯ ಪಾಠಗಳ ನಿಜವಾದ ಕೊರತೆ ಕಾಣುವುದು. ಅವು ತಾಯಿಯನ್ನು ಗುರುವಿಗೆ ಪರಿಚಯಿಸಿದುವು, ವೈದ್ಯನೊಡನೆ ವಾದಿಸುವ ಧೈರ್ಯವನ್ನು ಕೊಟ್ಟುವು. ಆದರೆ ಅವಳ ಮಗು ಮುಂದೆ ಆಗಬಹುದಾದ ಪ್ರೌಢ ಕಿವುಡ ವ್ಯಕ್ತಿಯೊಬ್ಬರ ಮನೆಯ ಬಾಗಿಲನ್ನು ಅವಳಿಗೆ ತೋರಿಸಲಿಲ್ಲ. ಮೊದಲನೆಯ ಕಂತಿನಲ್ಲಿಯೇ ಬರಬೇಕಾಗಿದ್ದ ಪಾಠ ಅದು.