ಯುಸಿಎಲ್‌ಎ ಪಟ್ಟಿಯ ಕೊನೆಯ ಕಾಲಂ

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ, ಅಂದರೆ ಯುಸಿಎಲ್‌ಎಯ, ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ ಕಥೆಯನ್ನು ಎಲ್ಲರೂ ಒಂದೇ ಬಗೆಯಲ್ಲಿ ಹೇಳುತ್ತಾರೆ. 1948ರಲ್ಲಿ ಜಾನ್ ವುಡನ್ ಕೋಚ್ ಆಗಿ ಬಂದರು. ಹದಿನೈದು ವರ್ಷ ತಾಳ್ಮೆಯಿಂದ ಕಾದರು. 1964ರಿಂದ 1975ರವರೆಗಿನ 12 ಋತುಗಳಲ್ಲಿ 10 ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. ಅವರು ನಿವೃತ್ತರಾದ ಮೇಲೆ ತಂಡ ಕುಸಿಯಿತು. ಋತುವಾರು ಪಟ್ಟಿ ತೆರೆದು ನೋಡಿದರೆ ಈ ಕಥೆ ನಿಜವೆಂದೇ ತೋರುತ್ತದೆ. ಇಸವಿ, ಕೋಚ್, ಗೆಲುವು, ಸೋಲು, ಕಾನ್ಫರೆನ್ಸ್‌ನಲ್ಲಿ (ತಂಡ ಸೇರಿರುವ ಲೀಗ್‌ನಲ್ಲಿ) ಎಷ್ಟನೇ ಸ್ಥಾನ, ಕೊನೆಯ ಕಾಲಂನಲ್ಲಿ ರಾಷ್ಟ್ರೀಯ ಟೂರ್ನಿಯ ಫಲಿತಾಂಶ. ನೋಡುವವರ ಕಣ್ಣು ನೇರವಾಗಿ ಕೊನೆಯ ಕಾಲಂಗೇ ಹೋಗುತ್ತದೆ. ಹಾಗೆ ಓದುವುದರಿಂದ ಈ ತಂಡದ ಚರಿತ್ರೆಗೂ ಅದರೊಡನೆ ಆಡಿದ ಬೇರೆ ತಂಡಗಳಿಗೂ ಅನ್ಯಾಯವಾಗಿದೆ ಎಂಬುದು ನನ್ನ ವಾದ.

ಮೊದಲು ತಾಳ್ಮೆಯ ಮಾತು. ನಾಯಕತ್ವದ ಪುಸ್ತಕಗಳಿಗೆ ಇದು ಬಲು ಪ್ರಿಯವಾದ ದೃಷ್ಟಾಂತ: ಹದಿನೈದು ಋತುಗಳ ವೈಫಲ್ಯ, ಹದಿನಾರನೆಯದರಲ್ಲಿ ಫಲ. ಆದರೆ ಆ ವೈಫಲ್ಯ ಪಟ್ಟಿಯಲ್ಲಿ ಎಲ್ಲಿದೆ? ವುಡನ್ ಬರುವ ಹಿಂದಿನ ವರ್ಷ ತಂಡ 12 ಗೆದ್ದು 13 ಸೋತಿತ್ತು. ಅವರ ಮೊದಲ ಋತುವಿನಲ್ಲೇ 22 ಗೆಲುವು, 7 ಸೋಲು. ಅಲ್ಲಿಂದ ಮುಂದೆ ಅವರ 27 ಋತುಗಳಲ್ಲಿ ಸೋಲು ಗೆಲುವಿಗಿಂತ ಹೆಚ್ಚಾದ ವರ್ಷ ಒಂದೂ ಇಲ್ಲ. 1950, 1952, 1956ರಲ್ಲಿ ತಂಡ ರಾಷ್ಟ್ರೀಯ ಟೂರ್ನಿ ಆಡಿತು. 1962ರಲ್ಲಿ ಸೆಮಿಫೈನಲ್ ತಲುಪಿ, ಆ ವರ್ಷ ಪ್ರಶಸ್ತಿ ಗೆದ್ದ ಸಿನ್ಸಿನಾಟಿಗೆ 72-70ರಿಂದ ಸೋತಿತು. ಕಾಯುತ್ತ ಕೂತ ಕೋಚ್ ಇವರಲ್ಲ. ಮೊದಲಿನಿಂದಲೂ ಗೆಲ್ಲುತ್ತಿದ್ದರು, ದೇಶ ಗೆಲ್ಲುವ ಸಾಧನಗಳು ಮಾತ್ರ ಅವರ ಬಳಿ ಇರಲಿಲ್ಲ.

ಆ ಸಾಧನಗಳಲ್ಲಿ ಮೊದಲನೆಯದು ಒಂದು ಅಂಕಣ. ಕ್ಯಾಂಪಸ್ಸಿನ ಹಳೆಯ ವ್ಯಾಯಾಮಶಾಲೆ ಚಿಕ್ಕದು, ಗಾಳಿಯಾಡದ್ದು. ಬೆವರುವಾಸನೆಯಿಂದಾಗಿಯೇ ಅದಕ್ಕೊಂದು ಅಡ್ಡಹೆಸರು ಬಿದ್ದಿತ್ತು. ಐವತ್ತರ ದಶಕದ ನಡುವಿನಲ್ಲಿ ಅಗ್ನಿಶಾಮಕ ಅಧಿಕಾರಿಗಳು ಅಲ್ಲಿ ಹೆಚ್ಚು ಜನ ಸೇರಬಾರದೆಂದು ಕಟ್ಟಪ್ಪಣೆ ಮಾಡಿದ ಮೇಲೆ, ತಂಡ ತನ್ನ ‘ತವರಿನ’ ಪಂದ್ಯಗಳನ್ನು ಊರಿನ ಬೇರೆ ಬೇರೆ ಸಭಾಂಗಣಗಳಲ್ಲಿ, ಹೈಸ್ಕೂಲು ಮತ್ತು ಸಿಟಿ ಕಾಲೇಜುಗಳ ಜಿಮ್‌ಗಳಲ್ಲಿ ಆಡಿತು. ಕ್ಯಾಂಪಸ್ಸಿನ ಹೊಸ ಅಂಕಣ ಪಾಲೀ ಪೆವಿಲಿಯನ್ ತೆರೆದದ್ದು 1965ರಲ್ಲಿ. ಆದರೆ ಎರಡು ಪ್ರಶಸ್ತಿ ಬಂದದ್ದು ಅದಕ್ಕೂ ಮೊದಲೇ, ಹಾಗಾಗಿ ಅಂಕಣವೊಂದೇ ಕಾರಣವಲ್ಲ. ಇನ್ನಿಬ್ಬರ ಹೆಸರು ಪಟ್ಟಿಯ ಯಾವ ಕಾಲಂನಲ್ಲೂ ಇಲ್ಲ. ಒಬ್ಬರು ಜೆ.ಡಿ. ಮಾರ್ಗನ್, 1963ರಲ್ಲಿ ಕ್ರೀಡಾ ನಿರ್ದೇಶಕರಾಗಿ ಲೆಕ್ಕಪತ್ರ ಮತ್ತು ಪಂದ್ಯಗಳ ವೇಳಾಪಟ್ಟಿಯ ಹೊರೆಯನ್ನು ಕೋಚ್‌ನ ಹೆಗಲಿಂದ ಇಳಿಸಿದವರು. ಇನ್ನೊಬ್ಬರು ಸಹಾಯಕ ಕೋಚ್ ಜೆರ‍್ರಿ ನಾರ್ಮನ್. ಎದುರಾಳಿ ಚೆಂಡನ್ನು ಒಳಗೆ ಎಸೆದ ಗಳಿಗೆಯಿಂದ ಅಂಕಣದ ಉದ್ದಕ್ಕೂ ಮುತ್ತಿಗೆ ಹಾಕುವ ಜೋನ್ ಪ್ರೆಸ್ ವುಡನ್‌ಗೆ ಹೊಸದಲ್ಲ, ಕೈಬಿಟ್ಟಿದ್ದ ಹಳೆಯ ಅಸ್ತ್ರ. ಅದನ್ನು ಮತ್ತೆ ಹಿಡಿಯಬೇಕೆಂದು ಪಟ್ಟುಹಿಡಿದು ಒಪ್ಪಿಸಿದವರು ನಾರ್ಮನ್. 1963-64ರ ತಂಡದಲ್ಲಿ ಆರಡಿ ಐದಂಗುಲಕ್ಕಿಂತ ಎತ್ತರದ ಒಬ್ಬನೂ ಮೊದಲ ಐವರಲ್ಲಿರಲಿಲ್ಲ. ಆ ಗಿಡ್ಡರ ತಂಡ ಇದೇ ಪ್ರೆಸ್ ಹಿಡಿದು 30 ಪಂದ್ಯಗಳಲ್ಲಿ 30ನ್ನೂ ಗೆದ್ದಿತು, ಫೈನಲ್‌ನಲ್ಲಿ ಡ್ಯೂಕ್ ತಂಡವನ್ನು 98-83ರಿಂದ ಮಣಿಸಿತು. ಹತ್ತು ಪ್ರಶಸ್ತಿಗಳಲ್ಲಿ ನಾನು ಅತಿ ಹೆಚ್ಚು ಮೆಚ್ಚುವುದು ಇದನ್ನೇ.

ಈಗ 1965-66ರ ಸಾಲು ನೋಡಿ. 18 ಗೆಲುವು, 8 ಸೋಲು, ಟೂರ್ನಿಗೆ ಪ್ರವೇಶವಿಲ್ಲ. ಎರಡು ಪ್ರಶಸ್ತಿಗಳ ನಂತರ ಒಂದು ಜಾರುವಿಕೆ ಎಂದು ಓದುಗರು ಅದನ್ನು ದಾಟಿ ಹೋಗುತ್ತಾರೆ. ನಿಜಕ್ಕೂ ಆ ವರ್ಷ ದೇಶದ ಅತ್ಯುತ್ತಮ ತಂಡ ಬಹುಶಃ ಅದೇ ಕ್ಯಾಂಪಸ್ಸಿನಲ್ಲಿತ್ತು, ಆದರೆ ಪಟ್ಟಿಯಲ್ಲಿ ಇರಲು ಅದಕ್ಕೆ ಅನುಮತಿ ಇರಲಿಲ್ಲ. ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡಬಾರದು ಎಂಬುದು ಆಗಿನ ನಿಯಮ, 1972ರವರೆಗೂ ಜಾರಿಯಲ್ಲಿದ್ದದ್ದು. ಅವರಿಗೆ ಬೇರೆಯೇ ತಂಡ. 1965ರ ನವೆಂಬರ್ 27ರಂದು, ಹೊಸ ಪಾಲೀ ಪೆವಿಲಿಯನ್ನಿನ ಆರಂಭದ ಪಂದ್ಯದಲ್ಲಿ, ಆ ಹುಡುಗರ ತಂಡ ಎರಡು ಬಾರಿಯ ಚಾಂಪಿಯನ್ ಹಿರಿಯರನ್ನು 75-60ರಿಂದ ಸೋಲಿಸಿತು. ಅದರಲ್ಲಿ 31 ಅಂಕ ಗಳಿಸಿದ ನ್ಯೂಯಾರ್ಕಿನ ಹುಡುಗ ಲ್ಯೂ ಆಲ್ಸಿಂಡರ್. ಮುಂದೆ ಕರೀಂ ಅಬ್ದುಲ್-ಜಬ್ಬಾರ್ ಆದವರು ಅವರೇ. ಆ ವರ್ಷ ಹುಡುಗರ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಮುಂದಿನ ಮೂರು ಋತುಗಳ ಮೂರು ಪ್ರಶಸ್ತಿಗಳು ಈ ಸಾಲಿನಲ್ಲೇ ಹುಟ್ಟಿದವು.

ಇದಕ್ಕಿಂತ ಗಂಭೀರವಾದ ವಿಷಯ ಬೇರೆಯವರದು. ಒಂದೇ ತಂಡದ ಪಟ್ಟಿ ಹಿಡಿದು ಕೂತರೆ ಹೊರಗೆ ಉಳಿದವರು ಕಾಣುವುದಿಲ್ಲ. ವುಡನ್ ಗೆಲ್ಲುತ್ತಿದ್ದ ಕಾಲದಲ್ಲಿ, 1974ರವರೆಗೆ, ಟೂರ್ನಿಗೆ ಬರುತ್ತಿದ್ದದ್ದು 22ರಿಂದ 25 ತಂಡಗಳು. ಒಂದು ಕಾನ್ಫರೆನ್ಸಿನಿಂದ ಒಂದೇ ತಂಡ. ವಿಭಾಗಗಳು ಭೂಗೋಳದ ಪ್ರಕಾರ, ಹಾಗಾಗಿ ಯುಸಿಎಲ್‌ಎಗೆ ಯಾವಾಗಲೂ ಪಶ್ಚಿಮದ ದಾರಿಯೇ. ಹತ್ತರಲ್ಲಿ ಒಂಬತ್ತು ಪ್ರಶಸ್ತಿಗೆ ನಾಲ್ಕು ಪಂದ್ಯ ಗೆದ್ದರೆ ಸಾಕಿತ್ತು. ಈಗ ಟೂರ್ನಿಗೆ 68 ತಂಡ, ಪ್ರಶಸ್ತಿಗೆ ಕನಿಷ್ಠ ಆರು ಗೆಲುವು. 1970-71ರಲ್ಲಿ ಅದೇ ಊರಿನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 24 ಪಂದ್ಯ ಗೆದ್ದು ಎರಡನ್ನು ಸೋತಿತು. ಎರಡೂ ಸೋಲು ಯುಸಿಎಲ್‌ಎ ಕೈಯಲ್ಲೇ. ಅಂಥ ತಂಡ ಟೂರ್ನಿಯ ಹೊಸಿಲನ್ನೂ ತುಳಿಯಲಿಲ್ಲ. 1972-73ರಲ್ಲಿ ಯುಸಿಎಲ್‌ಎ 30-0. ಅದೇ ವರ್ಷ ನಾರ್ತ್ ಕರೋಲಿನಾ ಸ್ಟೇಟ್ 27-0, ಆದರೆ ಆಟಗಾರರನ್ನು ಸೇರಿಸಿಕೊಳ್ಳುವಲ್ಲಿ ನಿಯಮ ಮೀರಿದ್ದಕ್ಕಾಗಿ ಆ ತಂಡಕ್ಕೆ ಟೂರ್ನಿ ನಿಷೇಧ. ಸೋಲರಿಯದ ಎರಡು ತಂಡಗಳಲ್ಲಿ ಒಂದು ಮಾತ್ರ ಅಂಕಣದಲ್ಲಿತ್ತು. 1974ರಲ್ಲಿ ದೇಶದ ಮೊದಲ ಸಾಲಿನ ತಂಡವಾಗಿದ್ದ ಮೇರಿಲ್ಯಾಂಡ್, ಕಾನ್ಫರೆನ್ಸ್ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ 103-100ರಿಂದ ಸೋತು ಮನೆಗೆ ಹೋಯಿತು. ಈ ಅನ್ಯಾಯ ಎಷ್ಟು ಎದ್ದು ಕಂಡಿತೆಂದರೆ, ಮರುವರ್ಷವೇ ಟೂರ್ನಿಯನ್ನು 32 ತಂಡಗಳಿಗೆ ಹಿಗ್ಗಿಸಿ, ಒಂದು ಕಾನ್ಫರೆನ್ಸಿನಿಂದ ಇನ್ನೊಂದು ತಂಡಕ್ಕೂ ಬಾಗಿಲು ತೆರೆದರು.

ಹಾಗೆಂದು ಆ ಹತ್ತು ಪ್ರಶಸ್ತಿಗಳು ನಿಯಮಗಳ ಕೊಡುಗೆ ಎಂದು ನಾನು ಹೇಳುತ್ತಿಲ್ಲ. ಯುಸಿಎಲ್‌ಎಯ ಸತತ 88 ಗೆಲುವುಗಳನ್ನು ಯಾವ ನಿಯಮವೂ ಕೊಡಲಾರದು. 1968ರ ಜನವರಿಯಲ್ಲಿ ಆಸ್ಟ್ರೋಡೋಮ್‌ನಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿದ ಜನರೆದುರು ಹ್ಯೂಸ್ಟನ್‌ಗೆ 71-69ರಿಂದ ಸೋತ ತಂಡ, ಮಾರ್ಚ್‌ನ ಸೆಮಿಫೈನಲ್‌ನಲ್ಲಿ ಅದೇ ಹ್ಯೂಸ್ಟನ್‌ಗೆ 101-69ರ ಉತ್ತರ ಕೊಟ್ಟಿತು. 1973ರ ಫೈನಲ್‌ನಲ್ಲಿ ಬಿಲ್ ವಾಲ್ಟನ್ ಬುಟ್ಟಿಗೆಸೆದ 22ರಲ್ಲಿ 21 ಒಳಗೆ ಬಿದ್ದವು. ಇಂಥ ಆಟದ ಮುಂದೆ ತಲೆಬಾಗಲೇಬೇಕು. ನನ್ನ ತಕರಾರು ಆ ಆಟದ ಮೇಲಲ್ಲ, ಅದನ್ನೇ ಅಳತೆಗೋಲಾಗಿ ಹಿಡಿದು ಉಳಿದೆಲ್ಲವನ್ನೂ ಅಳೆಯುವುದರ ಮೇಲೆ.

ಕನ್ನಡದ ಓದುಗರಿಗೆ 1973-74 ಎಂದರೆ ರಣಜಿ ಟ್ರೋಫಿಯಲ್ಲಿ ಬಾಂಬೆಯ 15 ವರ್ಷಗಳ ಸತತ ಆಳ್ವಿಕೆಯನ್ನು ಕರ್ನಾಟಕ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮುರಿದ ಋತು. ಅದೇ ಋತುವಿನಲ್ಲಿ, ಸೆಮಿಫೈನಲ್‌ನಲ್ಲೇ, ನಾರ್ತ್ ಕರೋಲಿನಾ ಸ್ಟೇಟ್ ಎರಡು ಹೆಚ್ಚುವರಿ ಅವಧಿಗಳ ನಂತರ 80-77ರಿಂದ ಯುಸಿಎಲ್‌ಎಯ ಏಳು ವರ್ಷಗಳ ಸರಪಳಿಯನ್ನು ಕಡಿಯಿತು. ನಾವು ನಮ್ಮ ಕಥೆಯನ್ನು ಪ್ರಸನ್ನ ಮತ್ತು ಸಂಗಡಿಗರ ಗೆಲುವಾಗಿ ಹೇಳುತ್ತೇವೆ, ಬಾಂಬೆ ಎಡವಿತು ಎಂದು ಹೇಳುವುದಿಲ್ಲ. ನಾರ್ತ್ ಕರೋಲಿನಾ ಸ್ಟೇಟ್‌ನ ಡೇವಿಡ್ ಥಾಮ್ಸನ್ ಮತ್ತು ಅವರ ತಂಡಕ್ಕೆ ಆ ನ್ಯಾಯ ಅರ್ಧದಷ್ಟೂ ಸಿಕ್ಕಿಲ್ಲ. ವುಡನ್‌ರ ಕಥೆಯಲ್ಲಿ ಆ ಸಂಜೆ ಕೈತಪ್ಪಿದ ಒಂದು ಪ್ರಶಸ್ತಿ, ಅಷ್ಟೇ. ಹಿಂದಿನ ವರ್ಷ ಬಾಗಿಲ ಹೊರಗೆ ನಿಲ್ಲಿಸಿದ್ದ ತಂಡ ಒಳಗೆ ಬಂದ ಕೂಡಲೇ ಗೆದ್ದಿತು ಎಂದು ಆ ಸಾಲನ್ನು ಓದುವವರು ವಿರಳ.

1975ರ ನಂತರದ ಸಾಲುಗಳಿಗೆ ‘ಕುಸಿತ’ ಎಂಬ ಹಣೆಪಟ್ಟಿ ಅಂಟಿಸುವುದು ನನಗೆ ಎಲ್ಲಕ್ಕಿಂತ ನೋವಿನ ಸಂಗತಿ. ವುಡನ್ ನಂತರ ಕೋಚ್ ಆದ ಜೀನ್ ಬಾರ್ಟೋ ಎರಡು ಋತುಗಳಲ್ಲಿ 52 ಗೆದ್ದು 9 ಸೋತರು. 1976ರ ಸೆಮಿಫೈನಲ್‌ನಲ್ಲಿ ಅವರನ್ನು ತಡೆದದ್ದು ಒಂದೂ ಸೋಲಿಲ್ಲದೆ ಪ್ರಶಸ್ತಿ ಗೆದ್ದ ಇಂಡಿಯಾನಾ. ಟೀಕೆಯ ಕಾವು ತಡೆಯಲಾರದೆ ಅವರು ಹೊರಟರು. ಗ್ಯಾರಿ ಕನಿಂಗ್‌ಹ್ಯಾಮ್ 50-8, ಅವರೂ ಎರಡೇ ವರ್ಷ. ಲ್ಯಾರಿ ಫಾರ್ಮರ್ ಆಟಗಾರನಾಗಿ ಮೂರು ಋತುಗಳಲ್ಲಿ 89 ಗೆಲುವು, ಒಂದೇ ಸೋಲು ಕಂಡವರು. ಅವರು ಕೋಚ್ ಆದ ಮೊದಲ ಋತುವಿನಲ್ಲೇ, 1981ರ ಡಿಸೆಂಬರ್‌ನಲ್ಲಿ, ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎಯ ಶಿಕ್ಷೆ ಬಂತು. 1980ರಲ್ಲಿ ಫೈನಲ್ ಆಡಿದ ಸಾಧನೆ ದಾಖಲೆಯಿಂದ ಅಳಿಸಿಹೋಯಿತು. ಆಟಗಾರರಿಗೆ ಹತ್ತಿರವಾಗಿದ್ದ ಧನಿಕ ಅಭಿಮಾನಿ ಸ್ಯಾಮ್ ಗಿಲ್ಬರ್ಟ್‌ರ ನಂಟು ಕಡಿದುಕೊಳ್ಳಬೇಕೆಂಬ ಆಜ್ಞೆಯೂ ಜೊತೆಗಿತ್ತು. ಗಿಲ್ಬರ್ಟ್ ಆ ಅಂಕಣದ ಸುತ್ತ ಹೊಸದಾಗಿ ಬಂದವರಲ್ಲ. ಅವರ ನೆರವು ವುಡನ್ ಕಾಲದ ಆಟಗಾರರಿಗೂ ಸಿಕ್ಕಿತ್ತೆಂದು ಲಾಸ್ ಏಂಜಲೀಸ್ ಟೈಮ್ಸ್ ತನಿಖಾ ವರದಿ ಮಾಡಿತು. ಆದರೂ ಪಟ್ಟಿಯಲ್ಲಿ ಕಪ್ಪು ಚುಕ್ಕೆ ಬಿದ್ದಿರುವುದು ನಂತರದವರ ಸಾಲುಗಳಿಗೆ ಮಾತ್ರ.

1995ರಲ್ಲಿ ಜಿಮ್ ಹ್ಯಾರಿಕ್ ಹನ್ನೊಂದನೆಯ ಪ್ರಶಸ್ತಿ ತಂದರು. 2002-03ರಲ್ಲಿ ಸ್ಟೀವ್ ಲ್ಯಾವಿನ್‌ರ ತಂಡ 10-19ಕ್ಕೆ ಇಳಿಯಿತು, ವುಡನ್ ಬರುವ ಹಿಂದಿನ ವರ್ಷದಿಂದೀಚೆಗೆ ಸೋಲೇ ಹೆಚ್ಚಾದ ಮೊದಲ ಋತು. ಕುಸಿತ ಎಂಬ ಪದಕ್ಕೆ ಅರ್ಹವಾದ ಸಾಲು ಇದು, ಬಾರ್ಟೋ ಅವರದಲ್ಲ.

ಅಲ್ಲಿಂದ ತಂಡವನ್ನು ಎತ್ತಿದವರು ಬೆನ್ ಹೌಲೆಂಡ್. 2006, 2007, 2008, ಸತತ ಮೂರು ವರ್ಷ ಕೊನೆಯ ನಾಲ್ಕರಲ್ಲಿ ಸ್ಥಾನ, ಅದೂ ಅರವತ್ತಕ್ಕೂ ಹೆಚ್ಚು ತಂಡಗಳ ಟೂರ್ನಿಯಲ್ಲಿ. ನನ್ನ ತೂಕದಲ್ಲಿ ಈ ಮೂರು ಸಾಲುಗಳು ಹಳೆಯ ಕೆಲವು ಪ್ರಶಸ್ತಿಗಳಿಗೆ ಸಮ. 2008ರಲ್ಲಿ ರಸೆಲ್ ವೆಸ್ಟ್‌ಬ್ರೂಕ್, ಕೆವಿನ್ ಲವ್ ಇದ್ದ ತಂಡ 35 ಪಂದ್ಯ ಗೆದ್ದು, ಸೆಮಿಫೈನಲ್‌ನಲ್ಲಿ ಮೆಂಫಿಸ್‌ಗೆ 78-63ರಿಂದ ಸೋತಿತು. ಮೆಂಫಿಸ್ ತಂಡದಲ್ಲಿ ಅನರ್ಹ ಆಟಗಾರನಿದ್ದನೆಂದು ಎನ್‌ಸಿಎಎ ಆಮೇಲೆ ಅದರ ಆ ಋತುವಿನ ಗೆಲುವುಗಳನ್ನೆಲ್ಲ ರದ್ದು ಮಾಡಿತು. ಗೆದ್ದವರ ಪಟ್ಟಿಯಲ್ಲಿ ಆ ಗೆಲುವು ಈಗ ಇಲ್ಲ, ಯುಸಿಎಲ್‌ಎ ಪಟ್ಟಿಯಲ್ಲಿ ಆ ಸೋಲು ಹಾಗೆಯೇ ಇದೆ. 2013ರ ಮಾರ್ಚ್‌ನಲ್ಲಿ, ತಂಡ ಕಾನ್ಫರೆನ್ಸ್ ಲೀಗ್‌ನಲ್ಲಿ ಮೊದಲ ಸ್ಥಾನ ಪಡೆದ ಋತುವಿನ ಕೊನೆಗೆ, ವಿಶ್ವವಿದ್ಯಾಲಯ ಹೌಲೆಂಡ್‌ರನ್ನು ಕೆಲಸದಿಂದ ತೆಗೆಯಿತು.