ಕೆ.ಆರ್. ಪೇಟೆಗೆ ಹಳಿ ಹಾಕಬೇಡ ಗುರು

ಟಿಕೆಟ್ ಟು ರೈಡ್ ಆಟದ ಇಂಡಿಯಾ ಬೋರ್ಡ್ ಬಿಡಿಸಿದ ಕೂಡಲೇ ನಾವೆಲ್ಲ ಮಾಡೋ ಮೊದಲ ಕೆಲಸ ನಮ್ಮೂರು ಎಲ್ಲಿದೆ ಅಂತ ಹುಡುಕೋದು. ಮಂಡ್ಯ ಕಡೆಯವರಿಗೆ ಈ ಹುಡುಕಾಟ ಬೇಗ ಮುಗಿಯುತ್ತೆ. ಅದಕ್ಕೆ ಬೇಜಾರಿಲ್ಲ. ಇಡೀ ಉಪಖಂಡವನ್ನ ಊಟದ ಮೇಜಿನ ಮೇಲೆ ಕೂರಿಸಬೇಕಾದ್ರೆ ಮಂಡ್ಯ ಹೇಗೆ ಹಿಡಿಸೀತು? ನನ್ನ ತಕರಾರು ಬೇರೆ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಬಣ್ಣದ ಕಾರ್ಡ್ ಕೂಡಿಸ್ಕೊಂಡು, ಊರಿಂದ ಊರಿಗೆ ಪುಟಾಣಿ ಪ್ಲಾಸ್ಟಿಕ್ ಬೋಗಿಗಳನ್ನ ಜೋಡಿಸಿ, ಕೈಯಲ್ಲಿ ಗುಟ್ಟಾಗಿ ಇಟ್ಟುಕೊಂಡ ಟಿಕೆಟ್‌ನ ಎರಡು ಊರುಗಳನ್ನ ಸೇರಿಸಬೇಕು. ಅಷ್ಟೇ. ಅಲನ್ ಮೂನ್ ಮಾಡಿದ ಈ ಆಟ 2004ರಲ್ಲಿ ಬಂತು, ಅದೇ ವರ್ಷ ಜರ್ಮನಿಯ 'ವರ್ಷದ ಆಟ' ಪ್ರಶಸ್ತಿ ಗೆದ್ದುಕೊಳ್ತು. ಆಮೇಲೆ ಸಾಲುಸಾಲಾಗಿ ಹೊಸ ನಕ್ಷೆಗಳು. ಇಂಡಿಯಾ ನಕ್ಷೆ ಇಯಾನ್ ವಿನ್ಸೆಂಟ್ ಮಾಡಿದ್ದು, 2011ರದ್ದು. ಆಟದ ಕಾಲ 1911. ಅದರ ವಿಶೇಷ 'ಮಂಡಲ': ಟಿಕೆಟ್‌ನ ಎರಡು ಊರುಗಳನ್ನ ಎರಡು ಬೇರೆ ಬೇರೆ ದಾರಿಯಲ್ಲಿ ಸೇರಿಸಿದ್ರೆ, ಅಂದ್ರೆ ಒಂದು ಸುತ್ತು ಹಾಕಿದ್ರೆ, ಬೋನಸ್.

ಆಟವಾಗಿ ಇದು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಟಿಕೆಟ್ ಮುಗೀತು ಅಂತ ಆರಾಮಾಗಿ ಕೂರೋ ಹಾಗಿಲ್ಲ, ವಾಪಸ್ ಬರೋ ದಾರಿಯನ್ನೂ ಕಟ್ಟಬೇಕು. ಆದ್ರೆ 'ಮಂಡಲ' ಅನ್ನೋ ಹೆಸರು ಅಂಗಡಿಯಿಂದ ತಂದು ಅಂಟಿಸಿದ ಸ್ಟಿಕ್ಕರ್ ಥರ. ಇದೇ ರೂಲನ್ನ ಬ್ರೆಜಿಲ್ ನಕ್ಷೆಗೆ ಹಾಕಿ, ಏನೂ ವ್ಯತ್ಯಾಸ ಆಗಲ್ಲ. 1911ರ ಇಂಡಿಯಾದಲ್ಲಿ ರೈಲಿನವರ ತಲೆ ತಿಂತಾ ಇದ್ದದ್ದು ಗೇಜು. ಮದ್ರಾಸ್ ಕಡೆಯಿಂದ ಬೆಂಗಳೂರಿಗೆ 1864ರಲ್ಲೇ ಬ್ರಾಡ್‌ಗೇಜ್ ಬಂತು, ಮೈಸೂರು ಲೈನು 1880ರ ದಶಕದಲ್ಲಿ ಮೀಟರ್‌ಗೇಜ್ ಆಗಿ ಬಂತು. ಆ ಗೇಜ್ ಬದಲಾಗೋಕೆ 1990ರ ದಶಕ ಬರಬೇಕಾಯ್ತು. ಅಲ್ಲಿವರೆಗೆ ಬೆಂಗಳೂರಲ್ಲಿ ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಹೇರೋ ಕೆಲಸ. ಇಂಥ ತಾಪತ್ರಯ ಬೋರ್ಡ್ ಮೇಲೆ ಬರಬೇಕು ಅಂದ್ರೆ ಫ್ರಾನ್ಸಿಸ್ ಟ್ರೆಶಮ್ ಅವರ '1853' ಆಡಬೇಕು. 1989ರ ಆಟ, ಅದೂ ಇಂಡಿಯಾದ್ದೇ, ಅದರಲ್ಲಿ ಗೇಜ್ ಅನ್ನೋದು ರೂಲಾಗೇ ಇದೆ. ಒಂದು ಭಾನುವಾರ ಪೂರ್ತಿ ಬಲಿ ಕೊಡೋಕೆ ರೆಡಿ ಇದ್ರೆ ಮಾತ್ರ ಕೂತ್ಕೊಳ್ಳಿ.

ಇಷ್ಟೆಲ್ಲ ಪೀಠಿಕೆ ಯಾಕೆ ಅಂದ್ರೆ, ಗೆಳೆಯನೊಬ್ಬ ಬೆಂಗಳೂರು–ಮೈಸೂರು–ಹಾಸನ ಸೀಮೆಗೆ ಅಂತಲೇ ಟಿಕೆಟ್ ಟು ರೈಡ್ ನಕ್ಷೆ ಮಾಡ್ತಿದಾನೆ. ಡ್ರಾಯಿಂಗ್ ಶೀಟ್ ಮೇಲೆ ಸ್ಕೆಚ್ ಪೆನ್ನು, ಮೂಲ ಆಟದ ಬೋಗಿಗಳು. ಇಲ್ಲಿವರೆಗೆ ಆರು ಸಲ ಆಡಿ ನೋಡಿದೀವಿ. ಇಂಡಿಯಾ ಬೋರ್ಡ್‌ಗಿಂತ ಇದರಲ್ಲಿ ನೆಲದ ವಾಸನೆ ಜಾಸ್ತಿ. ಅದಕ್ಕೇ ಇದರ ಬಗ್ಗೆ ಮುಲಾಜಿಲ್ಲದೆ ಮಾತಾಡಬೇಕು ಅನ್ಸುತ್ತೆ.

ಶ್ರೀರಂಗಪಟ್ಟಣವನ್ನೇ ತಗೊಳ್ಳಿ. ಅದು ದ್ವೀಪ, ಎರಡೂ ಕಡೆ ಹೊಳೆ ದಾಟಬೇಕು, ಹಾಗಾಗಿ ಎರಡೂ ಕಡೆಯ ದಾರಿಗೆ ಒಂದೊಂದು ಇಂಜಿನ್ ಕಾರ್ಡ್ ಕಡ್ಡಾಯ. ಕರಿಘಟ್ಟ ಹತ್ತಿ ನೋಡಿದವರಿಗೆ ಈ ರೂಲನ್ನ ವಿವರಿಸೋದೇ ಬೇಕಿಲ್ಲ. ಕೆಳಗೆ ಲೋಕಪಾವನಿ ಬಂದು ಕಾವೇರಿಗೆ ಸೇರ್ತಾಳೆ, ಆಚೆ ನೀರಿನ ನಡುವೆ ಪಟ್ಟಣ. ಹಳಿ ಎಲ್ಲಿ ದುಬಾರಿ ಅಂತ ಬೆಟ್ಟವೇ ಹೇಳುತ್ತೆ.

ಇದಕ್ಕಿಂತ ಒಳ್ಳೇದು ಮದ್ದಿನ ಮನೆ ರೂಲು. ಜೋಡಿ ಹಳಿಗೆ ಟಿಪ್ಪು ಕಾಲದ ಶಸ್ತ್ರಾಗಾರ ಅಡ್ಡ ಬಂದಿತ್ತಲ್ಲ, 2017ರಲ್ಲಿ ಆ ಕಟ್ಟಡವನ್ನ ಇಡಿಯಾಗಿ ಎತ್ತಿ ನೂರು ಮೀಟರ್‌ಗೂ ಹೆಚ್ಚು ದೂರ ಸರಿಸಿದ್ರು. ನಕ್ಷೆಯಲ್ಲಿ ಶ್ರೀರಂಗಪಟ್ಟಣ–ಪಾಂಡವಪುರ ನಡುವಿನ ಎರಡನೇ ಹಳಿಗೆ ಬೀಗ. ಯಾರಾದ್ರೂ ಮೂರು ಕಾರ್ಡ್ ಕೊಟ್ಟು ಮದ್ದಿನ ಮನೆ ಸರಿಸಿದ್ರೆ ಮಾತ್ರ ದಾರಿ. ಆದ್ರೆ ದುಡ್ಡು ಕೊಟ್ಟವನ ಸರದಿ ಅಲ್ಲಿಗೆ ಮುಗೀತು, ಪಕ್ಕದಲ್ಲಿ ಕೂತವನು ಬಂದು ಹಳಿ ಹಾಕ್ಕೋಬಹುದು! ಎಲ್ಲರಿಗೂ ಬೇಕು, ಕೊಡೋಕೆ ಮಾತ್ರ ಯಾರೂ ಇಲ್ಲ. ಆರರಲ್ಲಿ ನಾಲ್ಕು ಆಟದಲ್ಲಿ ಮದ್ದಿನ ಮನೆ ಇದ್ದಲ್ಲೇ ಇತ್ತು. ಗೆಳೆಯ ಹೆದರಿ, ಸರಿಸಿದವನೇ ಕೂಡಲೇ ಹಳಿ ಹಾಕ್ಕೋಬಹುದು ಅಂತ ಬದಲಾಯಿಸೋಕೆ ಹೊರಟಿದಾನೆ. ಬೇಡ. ಆಗ ಅದು ಬರೀ ಮೂರು ಕಾರ್ಡ್ ಹೆಚ್ಚಿಗೆ ಬೇಡೋ ದಾರಿ, ಮೇಜಿನ ಸುತ್ತ ನಡೆಯೋ ಆ ಮುಖ ಮುಖ ನೋಡ್ಕೊಳ್ಳೋ ಆಟವೇ ಹೋಗುತ್ತೆ. ಸರಿಸಿದವನಿಗೆ ಐದು ಪಾಯಿಂಟ್ ಕೊಟ್ಟು, ಹಳಿ ಮಾತ್ರ ಸರದಿ ಬಂದವರಿಗೇ ಬಿಡಲಿ.

ಈಗ ಜಗಳದ ವಿಷಯಕ್ಕೆ ಬರ್ತೀನಿ. ಮಂಡಲ ರೂಲನ್ನ ಅವನೂ ತಗೊಂಡಿದಾನೆ, ಆದ್ರೆ ಇಲ್ಲಿ ಅದು ಸ್ಟಿಕ್ಕರ್ ಅಲ್ಲ. ಬೆಂಗಳೂರಿಂದ ಮಂಡ್ಯ ಮೇಲೆ ಮೈಸೂರು, ಅಲ್ಲಿಂದ ಅಕ್ಕಿಹೆಬ್ಬಾಳು, ಹೊಳೆನರಸೀಪುರ ಮೇಲೆ ಹಾಸನ, ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ವಾಪಸ್ ಬೆಂಗಳೂರು. ನಿಜವಾದ ಸುತ್ತು. ಮೊದಲು ಅರಸೀಕೆರೆ, ತುಮಕೂರು ಸುತ್ತಿ ಬರಬೇಕಿತ್ತು, ತೊಂಬತ್ತರ ದಶಕದಲ್ಲಿ ಮಂಜೂರಾದ ಶ್ರವಣಬೆಳಗೊಳದ ಲೈನು ಪೂರ್ತಿಯಾಗಿ 2017ರಲ್ಲಿ ತೆರೆದ ಮೇಲೆ ಸುತ್ತು ಚಿಕ್ಕದಾಯ್ತು. ಆದ್ರೆ ಈ ಸುತ್ತಿನ ಒಳಗೆ ಬೆರಳಿಟ್ಟು ನೋಡಿ: ಕೆ.ಆರ್. ಪೇಟೆ, ನಾಗಮಂಗಲ, ಮೇಲುಕೋಟೆ. ತಾಲ್ಲೂಕಿನ ಅಂಚಲ್ಲಿ ಹಳಿ ಇದೆ, ಪೇಟೆಗೆ ಅಕ್ಕಿಹೆಬ್ಬಾಳು, ಮಂದಗೆರೆ, ನಾಗಮಂಗಲಕ್ಕೆ ಬಿ.ಜಿ. ನಗರ. ಊರೊಳಗೆ ರೈಲಿಲ್ಲ. ಸುತ್ತು ಹಾಕಿದವನಿಗೆ ಬೋನಸ್, ಸುತ್ತಿನೊಳಗೆ ಸಿಕ್ಕಿಕೊಂಡವನಿಗೆ ಬಸ್ಸು.

ಗೆಳೆಯನ ಮೊದಲ ನಕ್ಷೆ ಇದನ್ನ ಹಾಗೇ ಇಟ್ಟಿತ್ತು. ಕೆ.ಆರ್. ಪೇಟೆ ಟಿಕೆಟ್ ಬಂದವರು ಅಕ್ಕಿಹೆಬ್ಬಾಳಿಗೆ ಹಳಿ ಮುಟ್ಟಿಸಿ, ಅಲ್ಲಿಂದ ಒಂದು ಬಸ್ ಬಿಲ್ಲೆ ಇಡಬೇಕು. ಯುರೋಪ್ ನಕ್ಷೆಯಲ್ಲಿ ಇನ್ನೊಬ್ಬರ ದಾರಿ ಬಳಸೋಕೆ ಕೊಡೋ ಸ್ಟೇಷನ್ ಇದೆಯಲ್ಲ, ಅದರ ನೆಂಟ. ಆಡಿದವರೆಲ್ಲ ಗೊಣಗಿದ್ರು. "ಪೇಟೆ ಟಿಕೆಟ್ ಬಂದ್ರೆ ಸೋತಂಗೇ ಕಣೋ," ಅಂತ ಒಬ್ಬಳು ಟಿಕೆಟ್ ಎಸೆದೇಬಿಟ್ಲು. ಅವಳದ್ದು ಅದೇ ತಾಲ್ಲೂಕು, ಪ್ರತಿ ದೀಪಾವಳಿಗೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ನೂಕಾಡಿಕೊಂಡೇ ಊರಿಗೆ ಹೋಗೋದು. ಐದನೇ ಆಟದ ಹೊತ್ತಿಗೆ ಗೆಳೆಯ ನಾಗಮಂಗಲದಿಂದ ಪೇಟೆಗೆ, ಪೇಟೆಯಿಂದ ಪಾಂಡವಪುರಕ್ಕೆ ಬೂದು ಬಣ್ಣದ ದಾರಿ ಎಳೆದಿದ್ದ. ಎಲ್ಲರಿಗೂ ಸಮಾನ ಅವಕಾಶ ಅಂತೆ.

ಆ ಎರಡು ಆಟ ಸಲೀಸಾಗಿ ನಡೆದ್ವು, ಯಾರೂ ಗೊಣಗಲಿಲ್ಲ. ಮಂಡಲ ಮಾತ್ರ ಸತ್ತುಹೋಯ್ತು. ನಡುವೆ ಅಡ್ಡದಾರಿ ಇದ್ದ ಮೇಲೆ ದೊಡ್ಡ ಸುತ್ತು ಯಾರಿಗೆ ಬೇಕು? ಎಲ್ಲರೂ ಪೇಟೆ ಮೇಲೆ ತೂರಿಕೊಂಡು ಹೋದ್ರು, ಹೊಳೆನರಸೀಪುರದ ಕಡೆ ಒಂದು ಬೋಗಿನೂ ಬೀಳಲಿಲ್ಲ. ಟೆಸ್ಟ್ ಆಡಿದವರ ಗೊಣಗಾಟದಲ್ಲಿ ಎರಡು ಥರ ಇದೆ. ರೂಲು ಅರ್ಥ ಆಗ್ತಿಲ್ಲ ಅನ್ನೋದು ಒಂದು, ಅದನ್ನ ಸರಿಮಾಡಬೇಕು. ಈ ಊರಿಗೆ ಹೋಗೋದು ಕಷ್ಟ ಅನ್ನೋದು ಇನ್ನೊಂದು. ಅದು ಆಟದ ದೋಷ ಅಲ್ಲ, ಅದಕ್ಕೆ ತಕ್ಕ ಬೆಲೆ ಕೊಟ್ರೆ ಸಾಕು. ಇಲ್ಲದ ಹಳಿಯನ್ನ ರಟ್ಟಿನ ಮೇಲೆ ಎಳೆದ್ರೆ ಪೇಟೆಯವರಿಗೆ ನ್ಯಾಯ ಸಿಕ್ಕಂಗಾಯ್ತಾ? ಅವರು ಕಾಯ್ತಿದಾರೆ ಅನ್ನೋದೂ ಅಳಿಸಿಹೋಗುತ್ತೆ, ಅಷ್ಟೇ.

ಬೂದು ದಾರಿಯನ್ನ ಹೋದ ವಾರ ವೈಟ್ನರ್ ಹಾಕಿ ಮುಚ್ಚಿದಾನೆ. ಪೇಟೆ ಟಿಕೆಟ್‌ಗೆ ಒಂಬತ್ತರ ಬದಲು ಹದಿನಾಲ್ಕು ಪಾಯಿಂಟ್. ಬಸ್ ಬಿಲ್ಲೆ ಮಾತ್ರ ತಲೆಗೆ ಒಂದೇ ಕೊಡ್ತಾನಂತೆ. ನನ್ನ ಪ್ರಕಾರ ಎರಡು ಬೇಕು, ನಾಗಮಂಗಲ ಟಿಕೆಟ್ಟೂ ಅದೇ ಕೈಗೆ ಬಂದ್ರೆ ಏನ್ಮಾಡೋದು?