ಸೆರೆಮನೆಯ ಓದು: ಬೊನ್‌ಹಾಫರ್ ಪತ್ರಗಳಲ್ಲಿ ಗ್ರಂಥ ಮತ್ತು ಗೆಳೆತನ

ಡೀಟ್ರಿಚ್ ಬೊನ್‌ಹಾಫರ್ ಅವರ ಸೆರೆಮನೆಯ ಪತ್ರಗಳ ಹೆಸರು ನಮ್ಮ ದೈವಶಾಸ್ತ್ರ ತರಗತಿಗಳಲ್ಲಿ ಬಂದಾಗಲೆಲ್ಲ ಮೂರು ನಾಲ್ಕು ಪದಗುಚ್ಛಗಳು ತಾವಾಗಿಯೇ ನಾಲಿಗೆಗೆ ಬರುತ್ತವೆ. ಪ್ರೌಢಾವಸ್ಥೆಗೆ ಬಂದ ಲೋಕ, ಧರ್ಮರಹಿತ ಕ್ರೈಸ್ತತ್ವ, ಇತರರಿಗಾಗಿ ಇರುವ ಸಭೆ ಎಂಬ ಈ ಮಾತುಗಳನ್ನು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿಯೂ ಭಾನುವಾರದ ಪ್ರಸಂಗದಲ್ಲಿಯೂ ಸಿದ್ಧ ತೀರ್ಮಾನಗಳಂತೆ ಬಳಸುತ್ತೇವೆ. ಆದರೆ ಮೂಲಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವವರಿಗೆ ಬೇರೊಂದು ಸಂಗತಿ ಎದುರಾಗುತ್ತದೆ. ಅಲ್ಲಿ ಇಬ್ಬರು ಗೆಳೆಯರು ತಾವು ಈಚೆಗೆ ಓದಿದ್ದೇನು, ಅದು ತಮ್ಮನ್ನು ಎಲ್ಲಿಗೆ ಕೊಂಡೊಯ್ಯಿತು, ನೀನೂ ಅದನ್ನು ಓದಬಾರದೇ ಎಂದು ಪರಸ್ಪರ ಹೇಳಿಕೊಳ್ಳುತ್ತಾರೆ. ಆ ಪ್ರಸಿದ್ಧ ಮಾತುಗಳು ಹುಟ್ಟಿದ್ದು ಈ ಸಂಭಾಷಣೆಯ ನಡುವೆ. ಸಂಭಾಷಣೆಯನ್ನು ಕಡೆಗಣಿಸಿ ಮಾತುಗಳನ್ನು ಮಾತ್ರ ಎತ್ತಿಕೊಂಡಾಗ ಕೃತಿಯ ಅರ್ಥ ಎಷ್ಟು ಕುಗ್ಗುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

1943ರ ಏಪ್ರಿಲ್ 5ರಂದು ಬಂಧಿತರಾದ ಬೊನ್‌ಹಾಫರ್ ಅವರನ್ನು ಬರ್ಲಿನ್ನಿನ ಟೇಗೆಲ್ ಸೇನಾ ಸೆರೆಮನೆಯಲ್ಲಿ ಇರಿಸಲಾಯಿತು. ತಂದೆತಾಯಿಗಳಿಗೆ ಬರೆದ ಪತ್ರಗಳು ಅಧಿಕಾರಿಗಳ ಪರಿಶೀಲನೆಯನ್ನು ದಾಟಿ ಹೋಗಬೇಕಾಗಿತ್ತು. ಅದೇ ವರ್ಷದ ನವೆಂಬರ್ 18ರಿಂದ, ಸ್ನೇಹಪರ ಕಾವಲುಗಾರರ ನೆರವಿನಿಂದ, ಎಬರ್‌ಹಾರ್ಡ್ ಬೆತ್ಗೆ ಅವರಿಗೆ ಗುಪ್ತವಾಗಿ ಪತ್ರಗಳು ಹೋಗತೊಡಗಿದವು. ನಾಜಿ ಪ್ರಭುತ್ವದ ಹಸ್ತಕ್ಷೇಪವನ್ನು ವಿರೋಧಿಸಿದ ಕನ್ಫೆಸಿಂಗ್ ಚರ್ಚಿನ ಸೆಮಿನರಿಯೊಂದನ್ನು ಬೊನ್‌ಹಾಫರ್ 1935ರಲ್ಲಿ ನಡೆಸುತ್ತಿದ್ದಾಗ ಬೆತ್ಗೆ ಅಲ್ಲಿಗೆ ವಿದ್ಯಾರ್ಥಿಯಾಗಿ ಬಂದವರು. ಮುಂದೆ ಬೊನ್‌ಹಾಫರ್ ಅವರ ಸೋದರಿಯ ಮಗಳನ್ನು ವಿವಾಹವಾದರು. 1944ರಲ್ಲಿ ಸೈನಿಕರಾಗಿ ಇಟಲಿಯಲ್ಲಿದ್ದರು. ಗುರುಶಿಷ್ಯರ ಸಂಬಂಧವು ಸಮಾನರ ಗೆಳೆತನವಾಗಿ ಬೆಳೆದುದರಿಂದಲೇ ಈ ಪತ್ರಗಳಲ್ಲಿ ಬೋಧನೆಯ ಧಾಟಿಗಿಂತ ವಿಚಾರಣೆಯ ಧಾಟಿ ಮೇಲಾಗಿದೆ.

ಸೆರೆಯಾಳಿಗೆ ಗ್ರಂಥವೆಂದರೆ ಏನಾಗಿತ್ತು ಎಂಬುದನ್ನು ಒಂದು ವಿವರ ತಿಳಿಸುತ್ತದೆ. ಮನೆಯವರು ಕಳುಹಿಸುತ್ತಿದ್ದ ಕೆಲವು ಪುಸ್ತಕಗಳಲ್ಲಿ ಒಡೆಯನ ಹೆಸರಿನ ಕೆಳಗೆ ಗೆರೆ ಎಳೆದಿದ್ದರೆ ಅದರೊಳಗೆ ಸಂದೇಶವಿದೆ ಎಂದರ್ಥ. ಕಡೆಯ ಪುಟದಿಂದ ಹಿಮ್ಮುಖವಾಗಿ, ಕೆಲವು ಪುಟಗಳಿಗೊಮ್ಮೆ, ಒಂದೊಂದು ಅಕ್ಷರದ ಕೆಳಗೆ ಪೆನ್ಸಿಲಿನ ನಸುಗುರುತು ಇರುತ್ತಿತ್ತು. ವಿಚಾರಣೆಯಲ್ಲಿ ಯಾರು ಏನು ಹೇಳಿದ್ದಾರೆ ಎಂಬ ಸುದ್ದಿ ಹೀಗೆ ಒಳಹೊರಗೆ ಸಾಗುತ್ತಿತ್ತು. ಆದರೂ ಪುಸ್ತಕಗಳು ಕೇವಲ ಸಾಗಣೆಯ ಸಾಧನವಾಗಲಿಲ್ಲ. ಅವರು ಅವನ್ನು ಓದಿದರು. ಆಡಲ್ಬರ್ಟ್ ಷ್ಟಿಫ್ಟರನ 'ವಿಟಿಕೊ' ಎಂಬ ದೀರ್ಘ ಕಾದಂಬರಿಯನ್ನು ತಮಗೆ ತಿಳಿದ ಅತ್ಯುತ್ತಮ ಕೃತಿಗಳಲ್ಲಿ ಎಣಿಸಿದರು. ಗೊಟ್ಟೆಲ್ಫನ ಹಳ್ಳಿಗಾಡಿನ ಕಥೆಗಳನ್ನು ಮನೆಯವರಿಗೆ ಶಿಫಾರಸು ಮಾಡಿದರು. ಡಿಲ್ತಾಯ್‌ನ ಇತಿಹಾಸಚಿಂತನೆಯನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದರು.

ಈ ಓದಿನ ಫಲವನ್ನು 1944ರ ಮೇ 29ರ ಪತ್ರದಲ್ಲಿ ಸ್ಪಷ್ಟವಾಗಿ ಕಾಣಬಹುದು. ಭೌತವಿಜ್ಞಾನಿ ವೈಟ್ಸೆಕರ್ ಬರೆದ, ಭೌತವಿಜ್ಞಾನದ ವಿಶ್ವದೃಷ್ಟಿಯನ್ನು ಕುರಿತ ಪುಸ್ತಕವೊಂದು ಆಗ ಅವರ ಕೈಯಲ್ಲಿತ್ತು. ನಮ್ಮ ಅರಿವಿನ ಕೊರತೆಯನ್ನು ತುಂಬಲು ದೇವರನ್ನು ಬಳಸಿದರೆ, ಅರಿವು ಬೆಳೆದಂತೆ ದೇವರು ಹಿಂದೆ ಸರಿಯಬೇಕಾಗುತ್ತದೆ ಎಂಬುದು ಆ ಓದಿನಿಂದ ಅವರಿಗೆ ಮನದಟ್ಟಾಯಿತು. ಪತ್ರವು ಅಲ್ಲಿಗೆ ನಿಲ್ಲುವುದಿಲ್ಲ. ಮರಣ, ಸಂಕಟ, ಅಪರಾಧಗಳ ವಿಷಯದಲ್ಲಿಯೂ ಇದೇ ನ್ಯಾಯ ಸಲ್ಲುತ್ತದೆ, ದೇವರನ್ನು ಬದುಕಿನ ಅಂಚಿನಲ್ಲಿ ಹುಡುಕದೆ ಅದರ ನಡುವೆಯೇ ಗುರುತಿಸಬೇಕು ಎಂದು ಮುಂದುವರಿಯುತ್ತದೆ. ವಿಜ್ಞಾನದ ಪುಸ್ತಕವೊಂದು ಸಭಾಪಾಲನೆಯ ಪ್ರಶ್ನೆಯಾಗಿ ಮಾರ್ಪಟ್ಟದ್ದು ಹೀಗೆ. ವೈದ್ಯರು ಕೈಚೆಲ್ಲಿದ ಮೇಲೆಯೇ ದೇವರ ಹೆಸರೆತ್ತುವ ನಮ್ಮ ಪ್ರಾರ್ಥನಾಕೂಟಗಳಿಗೂ, ರೋಗ ಮತ್ತು ಸಾವಿನ ಮನೆಗಳಲ್ಲಿ ಮಾತ್ರ ಸಭಾಪಾಲಕರನ್ನು ನೆನೆಯುವ ನಮ್ಮ ಕುಟುಂಬಗಳಿಗೂ ಆ ಪ್ರಶ್ನೆ ನೇರವಾಗಿ ತಗಲುತ್ತದೆ.

ಜೂನ್ 21ರ ಪತ್ರ ಇನ್ನೊಂದು ಬಗೆಯದು. ಅಲ್ಲಿ ಅವರು ವಾಲ್ಟರ್ ಒಟ್ಟೊ ಅವರ, ಗ್ರೀಕ್ ದೇವತೆಗಳನ್ನು ಕುರಿತ ಗ್ರಂಥವನ್ನು ಮೆಚ್ಚಿ ಬರೆಯುತ್ತಾರೆ. ಚಿಂತೆ ಹಂಬಲಗಳಿಂದ ಹುಟ್ಟದೆ ಬದುಕಿನ ಸಮೃದ್ಧಿಯಿಂದ ಮೂಡಿದ ಆ ದೇವತಾಲೋಕವು, ಕ್ರೈಸ್ತತ್ವದ ಕೆಲವು ರೂಪಗಳಿಗಿಂತ ತಮಗೆ ಕಡಿಮೆ ಮುಜುಗರ ತರುತ್ತದೆ ಎಂದು ಒಪ್ಪಿಕೊಳ್ಳುತ್ತಾರೆ. ಇಂಥ ಮಾತನ್ನು ಅವರು ಪ್ರಸಂಗಪೀಠದಿಂದ ಆಡುತ್ತಿದ್ದರೆಂದು ನಾವು ಭಾವಿಸುವುದಿಲ್ಲ. ತನ್ನ ವಿಶ್ವಾಸವನ್ನು ಅರಿತ ಗೆಳೆಯನ ಮುಂದೆ ಮಾತ್ರ ಒಬ್ಬ ಸಭಾಪಾಲಕನು ಪರಮತದ ಪುಸ್ತಕವೊಂದರ ಆಕರ್ಷಣೆಯನ್ನು ಸಂಕೋಚವಿಲ್ಲದೆ ಹೇಳಿಕೊಳ್ಳಬಲ್ಲನು. ವಚನಗಳನ್ನೂ ಕೀರ್ತನೆಗಳನ್ನೂ ಕೇಳುತ್ತಲೇ ಬೆಳೆದ ಕನ್ನಡ ಕ್ರೈಸ್ತರು ಅವುಗಳಲ್ಲಿ ಕಂಡ ಬೆಳಕನ್ನು ಯಾರೊಂದಿಗೆ ಹಂಚಿಕೊಳ್ಳುತ್ತಾರೆ? ಈ ಪ್ರಶ್ನೆಯನ್ನು ನಮ್ಮ ಸೆಮಿನರಿಗಳು ಕೇಳಿಕೊಳ್ಳುವುದು ಲೇಸು.

ಓದನ್ನು ಗೆಳೆಯರೊಂದಿಗೆ ಹಂಚಿಕೊಳ್ಳುವುದು ಸಭೆಗೆ ಹೊಸತಲ್ಲ. ತ್ರೋವದಲ್ಲಿ ಕರ್ಪನ ಬಳಿ ಬಿಟ್ಟುಬಂದ ಪುಸ್ತಕಗಳನ್ನು ತರಬೇಕೆಂದು ಸೆರೆಯಲ್ಲಿದ್ದ ಪೌಲನು ತಿಮೊಥೆಯನನ್ನು ಕೇಳಿಕೊಂಡನು. ಅಗಸ್ಟೀನನ 'ಅರಿಕೆಗಳು' ಗ್ರಂಥದ ಎಂಟನೆಯ ಭಾಗದಲ್ಲಿ, ಮನೆಗೆ ಬಂದ ಪೊಂತಿಕಿಯಾನುಸನು ಮೇಜಿನ ಮೇಲೆ ಪೌಲನ ಪತ್ರಿಕೆಗಳನ್ನು ಕಂಡು, ಸಂತ ಅಂತೋನಿಯ ಚರಿತ್ರೆಯನ್ನು ಓದಿ ಬದುಕನ್ನೇ ಬದಲಿಸಿಕೊಂಡ ಇಬ್ಬರು ಅಧಿಕಾರಿಗಳ ಕಥೆಯನ್ನು ಹೇಳುತ್ತಾನೆ. ಅಗಸ್ಟೀನನ ಮನಃಪರಿವರ್ತನೆಯ ದಾರಿಯಲ್ಲಿ ಆ ಮಾತುಕತೆ ನಿರ್ಣಾಯಕವಾಯಿತು. ಪುಸ್ತಕದ ಮಹಿಮೆಯ ವರ್ಣನೆಗಿಂತ ಅದನ್ನು ಓದಿದವರಿಗೆ ಆದದ್ದೇನು ಎಂಬ ಸಾಕ್ಷ್ಯವೇ ಅಲ್ಲಿ ಕೆಲಸ ಮಾಡಿತು.

ಹಾಗೆಂದು ಬೊನ್‌ಹಾಫರ್ ಅವರ ಪತ್ರಗಳ ಮಿತಿಗಳನ್ನು ಮರೆಮಾಚಲಾಗದು. ಮೊದಲನೆಯದಾಗಿ, ಅವರ ಓದಿನ ಲೋಕವು ಬಹುಮಟ್ಟಿಗೆ ಸುಶಿಕ್ಷಿತ ಜರ್ಮನ್ ಕುಟುಂಬವೊಂದರ ಗ್ರಂಥಭಂಡಾರದ ಲೋಕ. ಹತ್ತೊಂಬತ್ತನೆಯ ಶತಮಾನದ ಕಾದಂಬರಿಗಳಿಗೆ ಅವರು ತೋರುವ ಒಲವಿನಲ್ಲಿ ಕಳೆದುಹೋದ ಮನೆಯ ಹಂಬಲವೂ ಬೆರೆತಿದೆ. ಪುಸ್ತಕವನ್ನೇ ಕೊಳ್ಳಲಾರದ ಮನೆಗಳಿಂದ ಬಂದ ನಮ್ಮ ಅನೇಕ ವಿದ್ಯಾರ್ಥಿಗಳಿಗೆ ಆ ಪಟ್ಟಿಯು ಆದರ್ಶವಾಗಬೇಕಾಗಿಲ್ಲ. ಎರಡನೆಯ ಮಿತಿ ಇನ್ನೂ ಗಂಭೀರವಾದುದು. ಗೆಳೆಯನಿಗೆ ಬರೆಯುವವನು ಗೆಳೆಯನಿಗೆ ತಿಳಿದಿರುವುದನ್ನು ಬಿಟ್ಟುಬಿಡುತ್ತಾನೆ. ಕಾರ್ಲ್ ಬಾರ್ಟ್ ಅವರ ದೈವಶಾಸ್ತ್ರವು 'ಪ್ರಕಟನೆಯ ಪ್ರತ್ಯಕ್ಷವಾದ'ದಲ್ಲಿ ಕೊನೆಗೊಂಡಿತೆಂಬ ಆಕ್ಷೇಪವನ್ನು ಬೊನ್‌ಹಾಫರ್ ಬೆತ್ಗೆಯವರಿಗೆ ಕೆಲವೇ ಸಾಲುಗಳಲ್ಲಿ ಬರೆದರು. ಪತ್ರಗಳು ಪ್ರಕಟವಾದ ಮೇಲೆ ಸ್ವತಃ ಬಾರ್ಟ್ ಅವರಿಗೇ ಅದರ ತಾತ್ಪರ್ಯ ತಿಳಿಯದಾಯಿತು. ಅಪೂರ್ಣ ವಿಚಾರವನ್ನು ಹೇಳಲು ಎಡೆಗೊಡುವ ಆತ್ಮೀಯತೆಯೇ ಅದನ್ನು ಅಪೂರ್ಣವಾಗಿ ಉಳಿಸುವುದೂ ಉಂಟು. 1963ರಲ್ಲಿ ಬಿಷಪ್ ಜಾನ್ ರಾಬಿನ್ಸನ್ ಅವರ 'ಆನೆಸ್ಟ್ ಟು ಗಾಡ್' ಈ ಪತ್ರಗಳ ಮಾತುಗಳನ್ನು ಸಾವಿರಾರು ಓದುಗರಿಗೆ ಮುಟ್ಟಿಸಿದಾಗ, ಅವು ಪ್ರಶ್ನೆಗಳೆಂಬುದು ಮರೆತು ಘೋಷಣೆಗಳಂತೆ ಹರಡಿದವು.

ಈ ದೋಷಕ್ಕೆ ಪರಿಹಾರವೂ ಗೆಳೆತನದಲ್ಲಿಯೇ ಇತ್ತು. ಬೆತ್ಗೆ ಸುಮ್ಮನೆ ಒಪ್ಪಿಕೊಳ್ಳುವ ಓದುಗರಾಗಿರಲಿಲ್ಲ; ಅವರ ಮರುಪ್ರಶ್ನೆಗಳು ಮುಂದಿನ ಪತ್ರಗಳನ್ನು ಬರೆಯಿಸಿದವು. ವಿಸ್ತೃತ ಆವೃತ್ತಿಯಲ್ಲಿ ಬೆತ್ಗೆಯವರ ಪತ್ರಗಳೂ ಸೇರಿರುವುದರಿಂದ ಈ ಕೊಡುಕೊಳೆ ಇಂದು ನಮಗೆ ಕಾಣುತ್ತದೆ. ಆದುದರಿಂದ ಆಯ್ದ ಉದ್ಧರಣೆಗಳ ಸಂಕಲನಗಳಿಗಿಂತ ವಿಸ್ತೃತ ಆವೃತ್ತಿಯನ್ನೇ, ಸಾಧ್ಯವಾದರೆ ಇಬ್ಬರು ಮೂವರು ಕೂಡಿ, ಓದಬೇಕೆಂದು ನಾವು ಸೂಚಿಸುತ್ತೇವೆ.

ದೀಕ್ಷೆ ಪಡೆದು ದೂರದ ಸಭೆಗಳಿಗೆ ಹೋದ ಮೇಲೆ ನಮ್ಮಲ್ಲಿ ಅನೇಕರ ಓದು ವಾರದ ಪ್ರಸಂಗಕ್ಕೆ ಬೇಕಾದಷ್ಟಕ್ಕೆ ಇಳಿಯುತ್ತದೆ. ಒಬ್ಬರೇ ಮೂರು ನಾಲ್ಕು ಸಭೆಗಳನ್ನು ನೋಡಿಕೊಳ್ಳುವವರಲ್ಲಿ ಸಮಯದ ಅಭಾವ ನಿಜ. ಆದರೆ ಓದಿದ್ದನ್ನು ಕೇಳುವವರು ಯಾರೂ ಇಲ್ಲವೆಂಬ ಒಂಟಿತನವೂ ಓದನ್ನು ಅಷ್ಟೇ ಕೊಲ್ಲುತ್ತದೆ. ಸಹಪಾಠಿಗೆ ಪುಸ್ತಕವೊಂದರ ಹೆಸರು ಕಳುಹಿಸಿದರೆ ಸಾಲದು. ಅದರ ಯಾವ ಪುಟದಲ್ಲಿ ನಾವು ತಡೆದು ನಿಂತೆವು, ಅದು ನಮ್ಮ ಯಾವ ನಂಬಿಕೆಯನ್ನು ಅಲುಗಿಸಿತು, ಯಾವುದನ್ನು ನಾವು ಒಪ್ಪಲಾರೆವು ಎಂಬುದನ್ನು ಬರೆಯಬೇಕು, ಉತ್ತರವನ್ನೂ ಕೇಳಬೇಕು.

1944ರ ಆಗಸ್ಟಿನಲ್ಲಿ ಬೊನ್‌ಹಾಫರ್ ತಾವು ಬರೆಯಬೇಕೆಂದಿದ್ದ ಪುಸ್ತಕವೊಂದರ ರೂಪುರೇಷೆಯನ್ನು ಗೆಳೆಯನಿಗೆ ಕಳುಹಿಸಿದರು. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಆ ಪುಸ್ತಕ ನಮಗೆ ದೊರೆಯಲಿಲ್ಲ. ಬೆತ್ಗೆ ತಮ್ಮ ಬಂಧನದ ವೇಳೆಯಲ್ಲಿ ಕೊನೆಯ ಕೆಲವು ಪತ್ರಗಳನ್ನು ಸುಡಬೇಕಾಯಿತು. ಉಳಿದವು ಅನಿಲ ಮುಖವಾಡದ ಡಬ್ಬಿಗಳಲ್ಲಿ ಸೇರಿ ಬರ್ಲಿನ್ನಿನ ತೋಟವೊಂದರ ಮಣ್ಣಿನಲ್ಲಿ ಯುದ್ಧ ಮುಗಿಯುವವರೆಗೆ ಹೂತಿದ್ದವು. 1951ರಲ್ಲಿ ಅವು ಮೊದಲ ಬಾರಿ ಗ್ರಂಥರೂಪದಲ್ಲಿ ಬಂದವು. ತನಗೆ ಬಂದ ಪತ್ರಗಳನ್ನು ಸಭೆಯ ಸೊತ್ತೆಂದು ತಿಳಿದು ಕಾಪಾಡಿದ ಓದುಗನೊಬ್ಬನಿಲ್ಲದಿದ್ದರೆ, ಇಂದು ನಾವು ಚರ್ಚಿಸುವ ಈ ದೈವಶಾಸ್ತ್ರವೇ ಇರುತ್ತಿರಲಿಲ್ಲ.